ಅರಬೈಲ್ ಘಟ್ಟದಲ್ಲಿ ನಿಂತ ಕಾರು

ನಾನು ಎರಡೇ ಸೀಟಿನ ಒಂದು ಇಂಗ್ಲಿಷ್ ಕಾರು. ಹುಟ್ಟಿದ್ದು ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ. ಅಲ್ಲಿನ ಬಡಗಿಗಳು ಮೊದಲು ಮರದ ಚೌಕಟ್ಟು ಕಟ್ಟಿ ಆಮೇಲೆ ತಗಡು ಹೊದಿಸುತ್ತಿದ್ದರು. ಹೀಗಾಗಿ ನನ್ನ ಅರ್ಧ ಮೈ ಕುರ್ಚಿ, ಕಪಾಟುಗಳ ಜಾತಿಗೆ ಸೇರಿದ್ದು. ಬಣ್ಣ ಹಸಿರು. ಎತ್ತರ ಎಷ್ಟು ಕಡಿಮೆಯೆಂದರೆ ನಾನು ಮನುಷ್ಯರನ್ನು ಯಾವಾಗಲೂ ಕೆಳಗಿನಿಂದಲೇ ನೋಡಿದ್ದೇನೆ: ಗಲ್ಲದ ಅಡಿ, ಅಂಗಿಯ ಕೊನೆಯ ಗುಂಡಿ, ಬಾಗಿಲು ಹಿಡಿಯುವ ಮೊದಲು ಅನುಮಾನಿಸುವ ಕೈ.

ಐವತ್ತಮೂರರಲ್ಲಿ ಹಡಗೇರಿ ಮುಂಬೈಗೆ ಬಂದೆ. ನನ್ನ ಮೊದಲ ಒಡೆಯ ಕೋಲಾರದ ಚಿನ್ನದ ಗಣಿಯ ಎಂಜಿನಿಯರ್. ಗಣಿ ಸರಕಾರದ ಕೈಗೆ ಹೋದಾಗ ಅವನು ತನ್ನ ದೇಶಕ್ಕೆ ಹೊರಟ. ನನ್ನ ಬಾನೆಟ್ ತಟ್ಟಿದ. ನಾಯಿಯನ್ನು ಜೊತೆಗೆ ಒಯ್ದ. ಎರಡನೆಯವನು ಬೆಂಗಳೂರಿನ ದಂಡು ಪ್ರದೇಶದಲ್ಲಿ ರೇಸ್ ಕುದುರೆಗಳನ್ನು ಪಳಗಿಸುತ್ತಿದ್ದವನು. ಅವನಿಗೆ ಹೊಟ್ಟೆ ಬಂತು. ಸ್ಟಿಯರಿಂಗಿನ ಹಿಂದೆ ಹಿಡಿಸದಾದ. ಅರವತ್ತೊಂದರಲ್ಲಿ ನಾನು ಹುಬ್ಬಳ್ಳಿಗೆ ಬಂದೆ, ಎಣ್ಣೆ ಗಿರಣಿಯ ಚನ್ನಮಲ್ಲಪ್ಪ ಹಂಚಿನಾಳರ ಕೈಗೆ. ಅವರಿಗಾಗ ಇಪ್ಪತ್ತಾರು ವರ್ಷ. ಊರು ಅವರನ್ನು ಸಾಹುಕಾರರೆಂದು ಕರೆಯುತ್ತಿತ್ತು.

ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಮೂರು ಪಾಲುಗಳಿದ್ದವು. ಒಂದರಲ್ಲಿ ನಾನು. ಮುಂದೆ ಗೋವೆಯಿಂದ ಒಂದು ಕೆಂಪು ಇಟಾಲಿಯನ್ ಕಾರು ಬಂತು; ಯಾರೋ ಪೋರ್ಚುಗೀಸ್ ಅಧಿಕಾರಿ ಅವಸರದಲ್ಲಿ ಬಿಟ್ಟುಹೋದದ್ದು. ಅದಾದ ಮೇಲೆ ಬೆನ್ನಲ್ಲಿ ಎಂಜಿನ್ ಹೊತ್ತ ಒಂದು ಬೂದು ಬಣ್ಣದ ಜರ್ಮನ್ ಕಾರು.

ನೆರೆಹೊರೆಯವರ ಬಗ್ಗೆ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಜರ್ಮನ್ ಕಾರು ಕೀಲಿ ತಿರುಗಿಸಿದರೆ ಎದ್ದೇಳುವುದು. ಅದಕ್ಕೆ ನೀರು ಬೇಡ, ಮುದ್ದು ಬೇಡ. ತಿರುವಿನಲ್ಲಿ ಅದರ ಹಿಂಭಾಗ ತನ್ನದೇ ದಾರಿ ಹಿಡಿಯಲು ನೋಡುತ್ತದೆ. ಅದೊಂದನ್ನು ಕಲಿತುಕೊಂಡವನಿಗೆ ಬೇರೆ ತಾಪತ್ರಯವಿಲ್ಲ. ಇಟಾಲಿಯನ್ ಕಾರಿನ ಎಂಜಿನ್ ಸಣ್ಣದು, ಕಂಠ ದೊಡ್ಡದು. ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ದಾಟಿದ ಮೇಲೆ ಅದು ಓಡಿಸುವವನನ್ನು ಇಪ್ಪತ್ತು ವರ್ಷ ಚಿಕ್ಕವನನ್ನಾಗಿ ಮಾಡುತ್ತಿತ್ತು. ಆದರೆ ಒಂದು ಮಳೆಗಾಲ ಕಳೆದರೆ ಅದರ ಬಾಗಿಲಿನ ಅಡಿಯಲ್ಲಿ ತುಕ್ಕಿನ ಪುಡಿ ಉದುರಿರುತ್ತಿತ್ತು. ನಾನು ಎಣ್ಣೆ ಸೋರುತ್ತೇನೆ, ಗಾಳಿ ಒಳಗೆ ಬಿಡುತ್ತೇನೆ, ಚಕ್ರದ ಕೆಳಗಿನ ಪ್ರತಿ ಕಲ್ಲನ್ನೂ ಕೂತವನ ಬೆನ್ನುಹುರಿಗೆ ವರದಿ ಮಾಡುತ್ತೇನೆ. ನನ್ನ ಒಳ್ಳೆಯ ಗುಣವೆಂದರೆ ಸುತ್ತಿಗೆ, ಸ್ಪ್ಯಾನರ್ ಇದ್ದವನು ಯಾರೇ ಆದರೂ ನನ್ನನ್ನು ಬಿಚ್ಚಿ ಮತ್ತೆ ಕೂಡಿಸಬಹುದು.

ಆ ಯಾರೇ ಆದರೂ ಎಂದರೆ ದಾವಲಸಾಬ. ಗಿರಣಿಯ ಮೆಕ್ಯಾನಿಕ್. ಸಾಹುಕಾರರಿಗಿಂತ ಎರಡು ವರ್ಷ ಚಿಕ್ಕವನು. ಪ್ರತಿ ಭಾನುವಾರ ಬೆಳಿಗ್ಗೆ ಅವನು ಮೂವರನ್ನೂ ಒಂದೊಂದಾಗಿ ಚಾಲೂ ಮಾಡುವನು. ಸಾಹುಕಾರರು ಕಣ್ಣು ಮುಚ್ಚಿ ನಿಲ್ಲುವರು. ಎಲ್ಲಿ ಏನು ಕೆಟ್ಟಿದೆಯೆಂದು ಮೊದಲು ಹೇಳುವ ಹಕ್ಕು ಅವರದು.

"ಎರಡನೇ ವಾಲ್ವ್ ಸಡ್ಲ ಆಗೇತಿ."

"ಹೌದ್ರಿ ಸಾವ್ಕಾರ್ರ. ನಾನೂ ಅದನ್ನ ಹೇಳಾವಿದ್ದೆ."

"ಹೇಳಾವಿದ್ದ ಅಂತ! ಮೊದ್ಲ ಹೇಳಿದಾವಂದು ಕಿವಿ, ಆಮ್ಯಾಲ ಹೇಳಿದಾವಂದು ಬರೇ ಬಾಯಿ."

ದಾವಲಸಾಬ ನಗುತ್ತಿದ್ದ. ಮೂವತ್ತೇಳು ವರ್ಷ ಅವನು ಒಮ್ಮೆಯೂ ಮೊದಲು ಬಾಯಿ ತೆರೆಯಲಿಲ್ಲ. ಇಬ್ಬರ ನಡುವಿನ ಸ್ನೇಹ ಇದ್ದದ್ದು ಆ ಕಾಯುವಿಕೆಯಲ್ಲಿ ಎಂದು ನನಗನಿಸುತ್ತದೆ.

ತೊಂಬತ್ತೆಂಟರಲ್ಲಿ ರಸ್ತೆ ಅಗಲ ಮಾಡುವವರು ಬಂದು ಗೋಡೆಯ ಮೇಲೆ ಕೆಂಪು ಗೆರೆ ಎಳೆದರು. ಶೆಡ್ಡಿನ ಎರಡು ಪಾಲು ಹೋಗುತ್ತದೆ, ಒಂದು ಉಳಿಯುತ್ತದೆ. ಸಾಹುಕಾರರು ತಮ್ಮ ಹೆಂಡತಿ ನೀಲವ್ವನಿಗೆ ಹೇಳಿದರು: "ಮೂರು ಭಾನುವಾರ, ಮೂರು ಗಾಡಿ, ಒಂದ ದಾರಿ. ಅರಬೈಲ್ ಘಟ್ಟ ಇಳದು ಹತ್ತಿ ಬರ್ತೀನಿ. ಯಾವದನ್ನ ಇಟ್ಕೋಬೇಕು ಅಂತ ನನ್ನ ಕಿವೀನ ಹೇಳ್ತದ."

ಅವರ ಕಿವಿಯ ಸುದ್ದಿ ಆಗ ನನಗೊಬ್ಬನಿಗೇ ಗೊತ್ತಿತ್ತು. ಹಿಂದಿನ ತಿಂಗಳು ಅವರು ಯಾರಿಗೂ ಹೇಳದೆ ನನ್ನನ್ನು ಮಿರಜಿನ ಆಸ್ಪತ್ರೆಗೆ ಒಯ್ದಿದ್ದರು. ಹೊರಗೆ ಬಂದು ನನ್ನೊಳಗೆ ಕೂತರು. ಒಮ್ಮೆ ಹಾರ್ನ್ ಒತ್ತಿದರು. ತಲೆ ಓರೆ ಮಾಡಿ ಮತ್ತೆ ಒತ್ತಿದರು. ಮೂರನೆಯ ಸಲ ಒತ್ತಿದಾಗ ಆಸ್ಪತ್ರೆಯ ಕಾವಲುಗಾರ ಓಡಿಬಂದು ಬೈಯತೊಡಗಿದ. ಸಾಹುಕಾರರು ಅವನ ತುಟಿಗಳನ್ನೇ ನೋಡುತ್ತ ಕೂತಿದ್ದರು. ವಾಪಸು ಬರುವಾಗ ಉದ್ದಕ್ಕೂ ಗೇರುಗಳು ಕರಕರ ಎಂದವು. ನನ್ನ ಗೇರನ್ನು ಎಂಜಿನ್ನಿನ ದನಿ ಕೇಳಿಯೇ ಬದಲಿಸಬೇಕು. ನಾನು ಹಳೆಯ ಕಾಲದವನು.

ಮನೆಯಲ್ಲಿ ತಿಳಿದರೆ ಕಾರಿನ ಕೀಲಿ ಕೈಯಲ್ಲಿ ಉಳಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಓಡಿಸುವುದು ನಿಂತರೆ ಭಾನುವಾರಗಳು ಏನಾಗುತ್ತವೆ ಎಂಬುದು ಅವರಿಗೇ ತಿಳಿದಿರಲಿಲ್ಲ. ಹೀಗಾಗಿ ಅವರು ಆಟ ಮುಂದುವರಿಸಿದರು. ಕಣ್ಣು ಮುಚ್ಚಿ ನಿಂತು, ಒಂದು ಕ್ಷಣ ತಡೆದು, ಮೂರಕ್ಕೂ ಒಂದೇ ಮಾತು ಹೇಳುತ್ತಿದ್ದರು: "ಚಲೋ ಐತಿ."

ನನ್ನೊಳಗೆ ಆಗ ಒಂದು ಬೇರಿಂಗ್ ಸವೆಯತೊಡಗಿತ್ತು. ಟಕ್, ಟಕ್. ದಾವಲಸಾಬನಿಗೆ ಮೊದಲ ದಿನವೇ ಕೇಳಿಸಿತು. ಅವನು ಸಾಹುಕಾರರ ಮುಖ ನೋಡಿದ. ಅವರು ಹೇಳಲಿಲ್ಲ. ಅವನೂ ಹೇಳಲಿಲ್ಲ.

ಮೊದಲ ಭಾನುವಾರ ಜರ್ಮನ್ ಕಾರು ಹೋಗಿ ಬಂತು. ಹೇಳುವಂಥದ್ದು ಏನೂ ನಡೆಯಲಿಲ್ಲವಂತೆ. ಅದರ ಸ್ವಭಾವವೇ ಅದು. ಎರಡನೆಯ ಭಾನುವಾರ ಇಟಾಲಿಯನ್ ಕಾರು ನೀಲಿ ಹೊಗೆ ಬಿಡುತ್ತ ಮರಳಿತು. ಮೂರನೇ ಗೇರಿನಲ್ಲೇ ಅದನ್ನು ಕಿರುಚಿಸಿಕೊಂಡು ಬಂದಿದ್ದರು. ಪಕ್ಕದಲ್ಲಿ ಕೂತ ದಾವಲಸಾಬ "ನಾಕಕ್ಕ ಹಾಕ್ರಿ, ಸಾವ್ಕಾರ್ರ, ನಾಕಕ್ಕ!" ಎಂದು ಕೂಗಿದರೆ ಅವರು ನಕ್ಕು ತಲೆಯಾಡಿಸಿದ್ದರಂತೆ. ಹುಮ್ಮಸ್ಸು ಎಂದುಕೊಂಡ ಅವನು.

ಮೂರನೆಯ ಭಾನುವಾರ ನನ್ನದು. ಯಲ್ಲಾಪುರ ದಾಟಿ ಘಟ್ಟ ಇಳಿದೆವು. ಕೆಳಗೆ ಚಹಾ ಕುಡಿದು ಹತ್ತತೊಡಗಿದೆವು. ನಾಲ್ಕನೆಯ ತಿರುವಿಗೆ ಟಕ್ ಎಂಬುದು ಟಕಟಕ ಆಯಿತು. ದಾವಲಸಾಬ ಡ್ಯಾಶ್‌ಬೋರ್ಡ್ ಹಿಡಿದುಕೊಂಡ. ಬಾಯಿ ತೆರೆದ, ಮುಚ್ಚಿದ. ಸಾಹುಕಾರರು ಇನ್ನಷ್ಟು ಒತ್ತಿದರು. ಹಿಂದೆ ಅದಿರಿನ ಲಾರಿಯೊಂದು ಹಾರ್ನ್ ಹೊಡೆಯುತ್ತಲೇ ಇತ್ತು. ಅವರು ಬದಿಗೆ ಸರಿಯಲಿಲ್ಲ.

ಆರನೆಯ ತಿರುವಿನಲ್ಲಿ ನನ್ನ ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ನಿನ ಪಕ್ಕೆ ಒಡೆದು ಹೊರಬಂತು. ನಾನು ನಿಂತೆ. ಲಾರಿ ನನ್ನ ಹಿಂದೆ ಒಂದು ಗೇಣು ದೂರದಲ್ಲಿ ಕಿರುಚಿ ನಿಂತಿತು. ಡ್ರೈವರ್ ಇಳಿದು ಬಂದ.

"ಏನ್ರೀ ಯಜಮಾನ್ರೇ, ಸಾಯೂಕೆ ಬೇರೆ ಘಟ್ಟ ಸಿಕ್ಕಿಲ್ವ ನಿಮ್ಗೆ? ಆಗಿಂದ ಹೊಡೀತೇ ಇದ್ದೆ, ಕಿವಿ ಕೇಳೂದಿಲ್ವ?"

ಸಾಹುಕಾರರು ಅವನ ತುಟಿ ನೋಡಿದರು. ಈ ಸಲ ಉತ್ತರ ಕೊಟ್ಟರು.

"ಕೇಳಂಗಿಲ್ಲಪಾ."

ಡ್ರೈವರ್ ಏನೋ ಗೊಣಗಿ ಲಾರಿಯನ್ನು ಪಕ್ಕದಿಂದ ದಾಟಿಸಿಕೊಂಡು ಹೋದ. ಇಬ್ಬರೂ ರಸ್ತೆಯ ಕಟ್ಟೆಯ ಮೇಲೆ ಕೂತರು. ನನ್ನ ಎಣ್ಣೆ ಇಳಿಜಾರಿನಲ್ಲಿ ಹರಿದು ಹೋಗುತ್ತಿತ್ತು. ದಾವಲಸಾಬ ಅವರ ಎದುರಿಗೆ ಬಂದು, ತುಟಿ ಕಾಣುವ ಹಾಗೆ ಕುಕ್ಕರುಗಾಲಿನಲ್ಲಿ ಕೂತ.

"ತಿಂಗಳಾತ್ರಿ ಬೇರಿಂಗ್ ಬಡಕೊಳ್ಳಾಕತ್ತು. ನೀವು ಹೇಳ್ತೀರಂತ ಕಾದೆ. ಹೇಳ್ಲಿಲ್ಲ. ಮಾರಾವ್ರು ಅದೀರಿ, ಅದಕ್ಕ ಹೆಸರಿಡಾಕ ಮನಸಿಲ್ಲ ಅನ್ಕೊಂಡೆ."

"ಅಲ್ಲಲೇ, ನನ್ನ ಕೊಲ್ಲಾವಿದ್ದೇನು ಮರ್ಯಾದಿ ಮಾಡಿ?"

"ನೀವು ನನ್ನ ಕೊಲ್ಲಾವ್ರಿದ್ರಿ ಸುಳ್ಳ ಹೇಳಿ."

ಸಾಹುಕಾರರು ನನ್ನ ಕೀಲಿಯನ್ನು ದಾವಲಸಾಬನ ಅಂಗೈಯಲ್ಲಿ ಇಟ್ಟು, "ಇನ್ನ ಮ್ಯಾಲೆ ನೀನ ಮೊದ್ಲ ಹೇಳು" ಎಂದರು.

ನೀಲವ್ವನಿಗೆ ಅಂದೇ ಸಂಜೆ ಅವರೇ ಹೇಳಿದರು. ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. "ವರ್ಷಾತು ನಾ ಮಾರಿ ಆ ಕಡೆ ಮಾಡಿ ಬೈಯಾಕತ್ತು. ನೀವು ಹೂಂ ಅಂತಿದ್ರಿ," ಎಂದಳಂತೆ.

ಯಾವ ಕಾರು ಉಳಿಯಬೇಕೆಂಬ ಪ್ರಶ್ನೆ ಹಾಗೇ ಇತ್ತು. ಜರ್ಮನ್ ಕಾರಿಗೆ ಕಿವಿಯ ಹಂಗಿಲ್ಲ, ಅದನ್ನೇ ಇಟ್ಟುಕೊಳ್ಳಿ ಎಂದು ಎಲ್ಲರೂ ಹೇಳಿದರು. ಆದರೆ ಅದು ಓಡಿಸುವವನ ಕಾರು, ಅವರು ಇನ್ನು ಓಡಿಸುವುದಿಲ್ಲ. ಅದು ಬೆಳಗಾವಿಯ ವಕೀಲರೊಬ್ಬರ ಮನೆಗೆ ಹೋಯಿತು. ಇಟಾಲಿಯನ್ ಕಾರು ಕೇಳುವವನ ಕಾರು. ಹೊಗೆ ನಿಲ್ಲಿಸಿಕೊಂಡು ಪುಣೆಗೆ ಹೋಯಿತು. ಪಕ್ಕೆ ಒಡೆದ ನನ್ನನ್ನು ಕೇಳಿಕೊಂಡು ಬಂದವರು ಗುಜರಿಯವರು ಮಾತ್ರ. ಅವರನ್ನು ಸಾಹುಕಾರರು ಗೇಟಿನಿಂದಲೇ ತಿರುಗಿ ಕಳಿಸಿದರು.

ದಾವಲಸಾಬ ನನ್ನ ಎಂಜಿನ್ನಿಗೆ ಹೊಲಿಗೆ ಹಾಕಿಸಿದ. ಹಳೆ ಹುಬ್ಬಳ್ಳಿಯಲ್ಲಿ ಬಿರುಕಿಗೆ ಲೋಹದ ಕೀಲು ಬಡಿದು ಎರಕದ ಕಬ್ಬಿಣ ಹೊಲಿಯುವ ಒಬ್ಬ ಮುದುಕನಿದ್ದ. ಏಳು ತಿಂಗಳು ಹಿಡಿಯಿತು. ನಾನು ಇನ್ನು ಘಟ್ಟ ಹತ್ತಲಾರೆ. ನಿಂತಲ್ಲಿ ಉಸಿರಾಡಬಲ್ಲೆ, ಅಷ್ಟೆ.

ಚಾಲೂ ಮಾಡಿದ ದಿನ ಸಾಹುಕಾರರು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು, ಕೈಕಟ್ಟಿಕೊಂಡು. ದಾವಲಸಾಬ ಒಂದು ಉದ್ದ ಕಬ್ಬಿಣದ ಸರಳನ್ನು ಒರೆಸಿ ಅವರ ಕೈಗೆ ಕೊಟ್ಟ. ಒಂದು ತುದಿಯನ್ನು ನನ್ನ ಎಂಜಿನ್ನಿಗೆ ಆನಿಸಿ, ಇನ್ನೊಂದನ್ನು ಕಚ್ಚಿ ಹಿಡಿಯಲು ಸನ್ನೆ ಮಾಡಿದ.

"ಹುಚ್ಚ ಅದಿಯೇನು? ಇದನ್ನೇನು ಕಬ್ಬಂತ ಮಾಡಿಯೇನು?"

"ಕಡೀರಿ, ಸಾವ್ಕಾರ್ರ."

ಕಚ್ಚಿದರು. ಅವರ ಕಿವಿಯೊಳಗಿನ ಸಣ್ಣ ಎಲುಬು ಬಿಗಿದುಕೊಂಡಿತ್ತಂತೆ, ಗಾಳಿಯ ದಾರಿ ಮುಚ್ಚಿತ್ತು. ಹಲ್ಲಿನಿಂದ ತಲೆಬುರುಡೆಗೆ ದನಿ ಹೋಗುವ ದಾರಿ ತೆರೆದೇ ಇತ್ತು. ನಾನು ನನ್ನ ಎಂದಿನ ದನಿಯಲ್ಲಿ ನಡೆಯುತ್ತಿದ್ದೆ. ಕೆಳಗಿನಿಂದ ನನಗೆ ಕಂಡದ್ದು ಅವರ ಗಲ್ಲ, ಅದು ಅದುರುತ್ತಿತ್ತು. ನನ್ನಿಂದಲೋ, ಬೇರೆ ಕಾರಣದಿಂದಲೋ ಹೇಳಲಾರೆ.

ಸರಳನ್ನು ಬಾಯಿಂದ ತೆಗೆದರು.

"ಲೇ, ಇದು ಇಷ್ಟ ಗದ್ಲ ಮಾಡ್ತಿತ್ತೇನೋ?"

"ಹುಟ್ಟಿದಾಗಿಂದ್ರಿ."

ಅವರು ಮತ್ತೆ ಕಚ್ಚಿದರು.

ಈಗ ಪ್ರತಿ ಭಾನುವಾರ ಇದೇ ನಡೆಯುತ್ತದೆ. ನನ್ನ ಬಣ್ಣ ಮಾಸಿದೆ, ಸೀಟಿನ ಚರ್ಮ ಸೀಳಿದೆ. ಹುಟ್ಟಿದಾಗ ನನ್ನನ್ನು ವೇಗಕ್ಕೆಂದು ಮಾಡಿದ್ದರು. ಆ ಕೆಲಸ ನನಗೆ ಅಷ್ಟೇನೂ ಚೆನ್ನಾಗಿ ಬರುತ್ತಿರಲಿಲ್ಲವೆಂದು ಈಗ ಒಪ್ಪಿಕೊಳ್ಳಬಹುದು. ಹತ್ತು ನಿಮಿಷ ನಡೆಯುತ್ತೇನೆ, ದಾವಲಸಾಬ ಕೀಲಿ ತಿರುಗಿಸುತ್ತಾನೆ. ಸಾಹುಕಾರರಿಗೆ ಅದು ಗೊತ್ತಾಗಲಿಕ್ಕೆ ತುಸು ಹೊತ್ತು ಬೇಕು. ಸರಳು ಕೆಳಗಿಟ್ಟು ನನ್ನ ಬಾನೆಟ್ ಮೇಲೆ ಅಂಗೈ ಊರುತ್ತಾರೆ. ನಾನು ನಿಂತಿದ್ದೇನೆಂದು ಖಾತ್ರಿಯಾದ ಮೇಲೆ ಕೈ ತೆಗೆಯುತ್ತಾರೆ. ಇಬ್ಬರೂ ಚಹಾ ಕುಡಿಯಲು ಹೋಗುತ್ತಾರೆ.