ಬಣ್ಣ ಬದಲಾದ ಬಾಸಿಂಗದ ಚೌಕ

ಬೌರಿಂಗ್‌ಪೇಟೆಯ ರೈಲ್ವೆ ಗೇಟಿನ ಹಿಂದಿನ ಬೀದಿಯಲ್ಲಿ ಪಾಪಕ್ಕನ ಹೊಲಿಗೆಗೆ ದೊಡ್ಡ ಹೆಸರಿತ್ತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಅವಳು ಹೊಲಿದ ಕೌದಿ ಒಗೆದಷ್ಟೂ ಮೆತ್ತಗಾಗುತ್ತಿತ್ತು. ಮದುವಣಗಿತ್ತಿಗೆ ತವರಿನವರು ಕೊಡುವ ಕೌದಿಯ ನಡುವೆ ಬಾಸಿಂಗದ ಚೌಕ ಇರಲೇಬೇಕು: ಮಧ್ಯೆ ಕೆಂಪು, ನಾಲ್ಕು ಮೂಲೆಗೆ ಹಳದಿ ತ್ರಿಕೋನ, ಸುತ್ತ ಹಸಿರು ಅಂಚು. ಅವಳ ಅಜ್ಜಿಯೂ ತಾಯಿಯೂ ಹಾಗೇ ಹೊಲಿದಿದ್ದರು. ಬಣ್ಣ ಆಚೀಚೆ ಆದದ್ದೇ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಿಂದ ವರಲಕ್ಷ್ಮಮ್ಮ ಎಂಬ ಹೆಂಗಸು ಸೀರೆಗಳ ಗಂಟು ಹೊತ್ತು ಬಂದಳು.

"ನನ್ ಮಗಳು ಕನಕಮ್ಮಂದು ಮದ್ವೆ ಕಣಕ್ಕ. ನಮ್ಮೆಜಮಾನ್ರು ಕೋದಂಡಪ್ಪ ಅಂತ, ಗಣೀಲಿ ಮೇಸ್ತ್ರಿ. ಬೀಗರ ಮುಂದೆ ಬಿಚ್ಚಿ ತೋರ್ಸೋದು, ಚೆಂದಾಗಿರ್ಬೇಕು."

ಕೋದಂಡಪ್ಪ ಎಂಬ ಹೆಸರು ಕೇಳಿ ಪಾಪಕ್ಕನ ಸೂಜಿ ನಿಂತಿತು. ತಲೆಯೆತ್ತದೆ, "ಆಗ್ಲಿ, ಮಾಡ್ಕೊಡ್ತೀನಿ" ಎಂದಳು.

ಮೂರು ವರ್ಷದ ಹಿಂದೆ ಆ ಮೇಸ್ತ್ರಿಯ ಕೈಕೆಳಗೆ ಸುರಂಗದಲ್ಲಿ ಬಂಡೆ ಸಿಡಿದು ನಾಲ್ವರು ಸತ್ತಿದ್ದರು. ಅವರಲ್ಲಿ ಒಬ್ಬ ಪಾಪಕ್ಕ ಎತ್ತಿ ಆಡಿಸಿದ ತಮ್ಮ ಆಂಜಿನಪ್ಪ. ಹಿಂದಿನ ದಿನವಷ್ಟೇ ಅಕ್ಕನ ಮನೆಯಲ್ಲಿ ಉಣ್ಣುತ್ತ ಅವನು, "ಬಂಡೆ ಕಿರುಗುಟ್ತದೆ ಅಕ್ಕಾ. ಬಂಡೆಗೆ ಕಂಬ ಕೊಡ್ದೆ ಒಳಕ್ ಓಗಲ್ಲ ಅಂದ್ರೆ ಕೆಲ್ಸದಿಂದ ತೆಗೀತೀನಿ ಅಂತಾನೆ ಮೇಸ್ತ್ರಿ" ಎಂದಿದ್ದ. ವಿಚಾರಣೆಯಲ್ಲಿ ಕೋದಂಡಪ್ಪ ಬೇರೆಯೇ ಹೇಳಿದ. ತಾನು ಬೇಡವೆಂದರೂ ಅವರೇ ನುಗ್ಗಿದರಂತೆ. ತಪ್ಪು ಸತ್ತವರ ತಲೆಗೇ ಬಿತ್ತು. ಅವರ ಹೆಂಡಿರು ಮಕ್ಕಳನ್ನು ಗಣಿಯವರು ಕೊಟ್ಟಿದ್ದ ಲೈನ್ ಮನೆಗಳಿಂದ ಎಬ್ಬಿಸಿದರು. ಗಣಿ ಕಚೇರಿಯ ಬಾಗಿಲಲ್ಲಿ ನಿಂತು ಕೂಗಿಕೊಂಡ ಪಾಪಕ್ಕನನ್ನು ಜವಾನ ರೆಟ್ಟೆ ಹಿಡಿದು ಆಚೆಗೆ ದಬ್ಬಿದ.

ವರಲಕ್ಷ್ಮಮ್ಮ ಬಂದು ಹೋದ ಮರುದಿನ ಪಾಪಕ್ಕ ಬಂಡಿ ಹತ್ತಿ ಕ್ಯಾಸಂಬಳ್ಳಿಗೆ ಹೋದಳು. ಸತ್ತವರಲ್ಲಿ ಒಬ್ಬನಾದ ಮುನಿಸ್ವಾಮಪ್ಪನ ಹೆಂಡತಿ ಅಮ್ಮಾಜಮ್ಮ ಅಲ್ಲಿ ಕೂಲಿ ಮಾಡಿಕೊಂಡಿದ್ದಳು.

"ನಿನ್ ಗಂಡನ ಗಣಿ ಅಂಗಿ ಐತಾ?"

"ಯಾತಕ್ಕಕ್ಕ?"

"ಕೋದಂಡಪ್ಪನ ಮಗಳ ಕೌದಿಗೆ."

ಅಮ್ಮಾಜಮ್ಮ ಎದ್ದಳು. ಒಳಗಿನಿಂದ ನೀಲಿ ಗೀಟಿನ ಅಂಗಿ ತಂದು ಒಂದು ತೋಳನ್ನು ತಾನೇ ಹರಿದುಕೊಟ್ಟಳು. "ದಪ್ಪ ನೂಲಲ್ಲಿ ಒಲಿ ಅಕ್ಕ, ಯಾರೂ ಕೀಳಕ್ಕಾಗ್ಬಾರ್ದು."

ಉಳಿದಿಬ್ಬರ ಬಟ್ಟೆಯೂ ಹೀಗೇ ಸಿಕ್ಕಿತು. ಪಾಪಕ್ಕ ಹದಿನೆಂಟು ದಿನ ಹೊಲಿದಳು. ಸುತ್ತೆಲ್ಲ ವರಲಕ್ಷ್ಮಮ್ಮ ಕೊಟ್ಟ ಸೀರೆಗಳೇ. ನಡುವಿನ ಚೌಕದ ಅಳತೆ, ಮಡಿಕೆ, ಹೊಲಿಗೆ ಎಲ್ಲವೂ ಅಜ್ಜಿ ಕಲಿಸಿದಂತೆಯೇ. ಬಣ್ಣ ಮಾತ್ರ ಬೇರೆ. ಕೆಂಪಿನ ಜಾಗಕ್ಕೆ ಕರಿ ಕಂಬಳಿಯ ತುಂಡು. ಹಳದಿಯ ಜಾಗಕ್ಕೆ ಖಾಕಿ, ನೀಲಿ ಗೀಟು, ಬೂದು, ಮಾಸಿದ ಬಿಳಿ. ಒಂದೊಂದು ಹೊಲಿಗೆಗೂ ಕೋದಂಡಪ್ಪನ ಮುಖ ನೆನೆದು ನೂಲನ್ನು ಬಿಗಿದೆಳೆದಳು.

ಮದುವೆಯ ದಿನ ಕೌದಿಯನ್ನು ತಾನೇ ಹೊತ್ತು ಚಪ್ಪರಕ್ಕೆ ಬಂದ ಅವಳು ತಾಳಿ ಕಟ್ಟುವವರೆಗೂ ಅದರ ಮಡಿಕೆ ಬಿಚ್ಚಲಿಲ್ಲ. ಹುಡುಗಿಯ ಮದುವೆ ಮುರಿಯುವುದು ಅವಳಿಗೆ ಬೇಕಿರಲಿಲ್ಲ. ಬೀಗರು ಚಾಪೆಯ ಮೇಲೆ ಕೂತ ಮೇಲೆ ಕೌದಿಯನ್ನು ಅವರೆದುರು ಹರಡಿದಳು.

"ಇದೇನಕ್ಕ ಬಣ್ಣ?" ವರಲಕ್ಷ್ಮಮ್ಮ ಬಗ್ಗಿ ನೋಡಿದಳು.

ಪಾಪಕ್ಕ ಮೂಲೆ ಮೂಲೆಗೆ ಬೆರಳಿಟ್ಟಳು. "ಇದು ನನ್ ತಮ್ಮ ಆಂಜಿನಪ್ಪನ ಅಂಗಿ. ಇದು ಮುನಿಸ್ವಾಮಪ್ಪಂದು. ಇದು ಕುಪ್ಪುಸ್ವಾಮೀದು. ಇದು ಚಿಕ್ಕಮುನಿಯಪ್ಪಂದು. ಮೇಸ್ತ್ರಿ ಕಂಬ ಕೊಡ್ದೆ ಒಳಕ್ ಅಟ್ಟಿ ಸಾಯ್ಸಿದೋರು."

ಉಣ್ಣಲು ಬಂದಿದ್ದ ಗಣಿಯ ಆಳುಗಳು ಎದ್ದು ನಿಂತರು.

"ಸುಳ್ಳು! ಎಳ್ಕೊಂಡ್ ಓಗ್ರಲಾ ಇವಳ್ನ!" ಕೋದಂಡಪ್ಪ ಕಿರುಚಿದ. ಯಾರೂ ಅಲುಗಾಡಲಿಲ್ಲ.

ಬೀಗ ಬಚ್ಚಪ್ಪ ಸುರಂಗದಲ್ಲಿ ಕಂಬ ನಿಲ್ಲಿಸುವ ಕೆಲಸದವನು. ಅವನು ಮೆಲ್ಲಗೆ ಕೇಳಿದ: "ಬೀಗ್ರೇ, ಅವತ್ತು ಕಂಬ ಕೊಟ್ಟಿದ್ರಾ?"

"ಕಂಬ ಬರೋಗಂಟ ಕಾಯಾಕಾಗ್ತಿತ್ತಾ? ಮೇಲಿಂದ ದೊರೆ ಬೈತಿದ್ದ, ಕಳಿಸ್ದೆ! ನಾನೇನ್ ಮಾಡ್ಲಿ?"

ಬಾಯಿಂದ ಬಂದದ್ದು ಏನೆಂದು ಅವನಿಗೆ ಹೊಳೆಯುವಷ್ಟರಲ್ಲಿ ಎಲ್ಲರಿಗೂ ಕೇಳಿಸಿತ್ತು. ಬಚ್ಚಪ್ಪ ಊಟ ಮುಟ್ಟದೆ ಮಗ ಸೊಸೆಯನ್ನು ಹೊರಡಿಸಿದ. ಕನಕಮ್ಮ ಅಳುತ್ತಿದ್ದಳು. ಆದರೆ ಆ ಹುಡುಗಿ ಕೌದಿಯನ್ನು ಬಿಟ್ಟು ಹೋಗಲಿಲ್ಲ. ತಾನೇ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

ಆ ವಾರ ಕೋದಂಡಪ್ಪನ ಕೈಕೆಳಗೆ ಸುರಂಗಕ್ಕೆ ಇಳಿಯಲು ಒಬ್ಬ ಆಳೂ ಒಪ್ಪಲಿಲ್ಲ. ಅವನು ಮೇಸ್ತ್ರಿಗಿರಿ ಕಳೆದುಕೊಂಡು ಬೂದಿಕೋಟೆಯ ಕಡೆ ಹೊಲದ ಕೂಲಿಗೆ ಹೋಗಿ ಸೇರಿದ.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅವನು ಪಾಪಕ್ಕನ ಬಾಗಿಲಿಗೆ ಬಂದ. ಗಡ್ಡ ಬೆಳೆದಿತ್ತು.

"ತಾಯಿ, ಮಗಳ ಮನೆಗೋದ್ರೆ ಆ ಕೌದೀನೇ ಆಸಿ ಕೂರಿಸ್ತಾಳೆ. ಒಂದ್ ಮಾತಾಡಲ್ಲ. ನೀನ್ ಏಳಿದ್ರೆ ಕೇಳ್ತಾಳೆ. ಅದ್ನ ಬಿಚ್ಚಿ ಮೊದಲ್ನಂಗೆ ಕೆಂಪು ಅಳದಿ ಆಕ್ಕೊಡು."

ಪಾಪಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಆ ನಾಲ್ಕು ಜನದ ಎಸ್ರು ಏಳು. ಈಗ್ಲೇ ಬತ್ತೀನಿ."

"ಆಂಜಿನಪ್ಪ..." ಎಂದ. "ಕುಪ್ಪುಸ್ವಾಮಿ..." ಆಮೇಲೆ ನೆಲ ನೋಡುತ್ತ ನಿಂತುಬಿಟ್ಟ.

ಪಾಪಕ್ಕ ಕಾದಳು. ರೈಲೊಂದು ಗೇಟು ದಾಟಿ ಹೋಯಿತು. ಅವನ ತುಟಿ ಅಲುಗಿತು, ಹೆಸರು ಬರಲಿಲ್ಲ.

"ಓಗು" ಎಂದು ಅವಳು ಕದ ಮುಚ್ಚಿದಳು. ಅಂದು ಮಧ್ಯಾಹ್ನ ಸೊಪ್ಪಿನ ಸಾರಿಗೆ ಮುದ್ದೆ ಮುರಿದು ಹೊಟ್ಟೆ ತುಂಬ ಉಂಡಳು.