ಬಿಸಿಲಿಗೆ ಬರಬಾರದ ಮೈ

ಬುಡ್ಡೇಸಾಬನ ಅನ್ನನಾಳದಲ್ಲಿ ಗಡ್ಡೆ ಇದೆಯೆಂದು ಗೊತ್ತಾದಾಗ ಹೊನವಾಡದಲ್ಲಿ ದ್ರಾಕ್ಷಿ ಒಣಗಿಸುವ ಕೆಲಸ ಜೋರಾಗಿತ್ತು. ಒಣದ್ರಾಕ್ಷಿ ಶೆಡ್ಡೊಂದರ ಉಸ್ತುವಾರಿ ಅವನದು. ರೊಟ್ಟಿ ಎದೆಯಲ್ಲಿ ನಿಲ್ಲುತ್ತದೆ ಎಂದು ಹೆಂಡತಿ ಬಾನುಬಿಗೆ ಹೇಳುವುದಕ್ಕೇ ಅವನು ಬಹಳ ತಡ ಮಾಡಿದ್ದ.

ವಿಜಯಪುರದ ಆಸ್ಪತ್ರೆಯಲ್ಲಿ ಡಾಕ್ಟರ್ ವಿಜಯಲಕ್ಷ್ಮೀ, ಅವನ ಹೃದಯ ದೊಡ್ಡ ಆಪರೇಶನ್ ತಾಳುವುದಿಲ್ಲ ಎಂದರು. ಇನ್ನೂ ಪ್ರಯೋಗದಲ್ಲಿರುವ ಒಂದು ಔಷಧವಿದೆ, ಒಪ್ಪಿದರೆ ಕೊಡಬಹುದು ಎಂದು ತಿಳಿಸಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ರಕ್ತಕ್ಕೆ ಬಿಡುತ್ತಾರೆ, ಅವು ಹೋಗಿ ಗಡ್ಡೆಯಲ್ಲಿ ಸೇರಿಕೊಳ್ಳುತ್ತವೆ. ಗಂಟಲೊಳಗೆ ನಳಿಗೆ ಇಳಿಸಿ ಒಂದು ಬಗೆಯ ಬೆಳಕು ಬಿಟ್ಟರೆ ಗಡ್ಡೆ ಹೊಳೆದು ಕಾಣುತ್ತದೆ. ಮತ್ತೊಂದು ಬಗೆಯ ಬೆಳಕು ಬಿಟ್ಟರೆ ಅವೇ ಕಣಗಳು ಅದನ್ನು ಸುಟ್ಟುಹಾಕುತ್ತವೆ. ಬುಡ್ಡೇಸಾಬ ಒಪ್ಪಿದ.

ಚಿಕಿತ್ಸೆಯ ದಿನ ಬಾನುಬಿಗೆ ಪರದೆಯ ಮೇಲೆ ಗಡ್ಡೆಯನ್ನು ತೋರಿಸಿದರು. ಗಂಡನ ಒಡಲೊಳಗಿನ ಒದ್ದೆ ಕತ್ತಲಲ್ಲಿ ಕೆಂಪಗೆ ಏನೋ ಉರಿಯುತ್ತಿತ್ತು. ಅದು ತನ್ನನ್ನೇ ನೋಡುತ್ತಿದೆ ಅನ್ನಿಸಿ ಅವಳು ಮುಖ ತಿರುಗಿಸಿದಳು.

ಮನೆಗೆ ಕಳಿಸುವ ಮುಂಚೆ ಡಾಕ್ಟರ್ ಇಬ್ಬರನ್ನೂ ಕೂರಿಸಿಕೊಂಡರು.

"ಕಾಕಾ, ಈ ಔಷಧ ಗಡ್ಡ್ಯಾಗಷ್ಟ ಇರೂದಿಲ್ಲ. ಸ್ವಲ್ಪ ನಿಮ್ಮ ಚರ್ಮದಾಗೂ ಉಳದೈತಿ. ನಮ್ಮ ಬೆಳಕು ಯಾವ್ದು, ಬಿಸಲು ಯಾವ್ದು ಅಂತ ಅದಕ್ಕ ತಿಳಿಯೂದಿಲ್ಲ. ಒಂದೂವರಿ ತಿಂಗಳು ಬಿಸಲಿಗೆ ಬರಬ್ಯಾಡ್ರಿ."

"ಬಂದ್ರ ಏನಾಕ್ಕೈತ್ರಿ?"

"ಗಡ್ಡಿ ಸುಟ್ಟಂಗ ಚರ್ಮಾನೂ ಸುಡತೈತಿ."

ಮಬ್ಬು ಬೆಳಕಿನಿಂದ ತೊಂದರೆಯಿಲ್ಲ, ಆದರೆ ದೊಡ್ಡ ದೀಪ ಕೂಡ ಬೇಡ ಎಂದರು. ಆಸ್ಪತ್ರೆಯ ಗಾಡಿಯಲ್ಲಿ ಕಂಬಳಿ ಹೊದಿಸಿ, ಹೊತ್ತು ಮುಳುಗಿದ ಮೇಲೆ ಅವನನ್ನು ಊರಿಗೆ ಕರೆತಂದರು.

ಬಾನುಬಿ ಹಿಂದಿನ ಕೋಣೆಯ ಕಿಟಕಿಗೆ ಗೋಣಿಚೀಲ ಹೊಡೆದಳು, ಬಾಗಿಲ ಸಂದಿಗೆ ಹಳೆ ಸೀರೆ ತುರುಕಿದಳು. ಹೊರಗೆ ಏಪ್ರಿಲ್ಲಿನ ಬಿಸಿಲು ಗೋಡೆಗಳನ್ನು ಕಾಯಿಸುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲೇ ದುಡಿದವನು ಬುಡ್ಡೇಸಾಬ. ಈಗ ಅದೇ ಬಿಸಿಲು ಮನೆಯ ಸುತ್ತ ತಿರುಗುವ ಸದ್ದು ಕೇಳುತ್ತದೆ ಅನ್ನುತ್ತಿದ್ದ. ಒಂದು ಮಧ್ಯಾಹ್ನ ನಿದ್ದೆಯಿಂದ ಎದ್ದಾಗ ಅವನ ಮೊಣಕಾಲ ಕೆಳಗೆ ಉರಿಯುತ್ತಿತ್ತು. ಮೇಲಿನ ತಗಡಿನಲ್ಲಿ ಮೊಳೆ ಕಿತ್ತುಹೋದ ತೂತೊಂದಿತ್ತು. ಅಲ್ಲಿಂದ ಬಿದ್ದ ಬಿಸಿಲಿನ ಬೊಟ್ಟು ಅಷ್ಟೇ ಜಾಗದಲ್ಲಿ ಬೊಬ್ಬೆ ಎಬ್ಬಿಸಿತ್ತು. ಬಾನುಬಿ ತೂತಿಗೆ ಡಾಂಬರು ಮೆತ್ತಿದಳು. ಅವನು ಅಂದಿನಿಂದ ಗೋಡೆಗಂಟಿ ಮಲಗತೊಡಗಿದ. ಅವನ ಮೈಗೆ ಏನೋ ಹೊಕ್ಕಿದೆ ಎಂದು ಓಣಿಯಲ್ಲಿ ಗುಸುಗುಸು ಹುಟ್ಟಿತು. ಬಾನುಬಿಗೆ ಅದನ್ನು ಪೂರ್ತಿ ಸುಳ್ಳೆನ್ನಲು ಆಗಲಿಲ್ಲ.

ತಿಂಗಳು ಕಳೆಯುವ ಮುಂಚೆ ಬಬಲೇಶ್ವರದಿಂದ ಫೋನು ಬಂತು. ಬುಡ್ಡೇಸಾಬನ ಅಕ್ಕ ಗುಲಶನ ತೀರಿಕೊಂಡಿದ್ದಳು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅವಳೇ. ಫೋನು ಮಾಡಿದವನು ಅವಳ ಮಗ ಆರಿಫ. ಮಣ್ಣು ಮಾಡುವುದನ್ನು ಸಂಜೆಯ ನಮಾಜಿನ ನಂತರಕ್ಕೆ ಇಡಲು ಆಗುವುದೇ ಎಂದು ಬಾನುಬಿ ಬೇಡಿಕೊಂಡಳು. ಈ ಸೆಕೆಯಲ್ಲಿ ಅಷ್ಟು ಹೊತ್ತು ಇಡಲಾಗದು, ಮಧ್ಯಾಹ್ನದ ನಮಾಜಿಗೇ ಒಯ್ಯಬೇಕೆಂದು ಹಿರಿಯರು ಹೇಳಿದ್ದಾರೆ ಎಂದ ಆರಿಫ.

ಬುಡ್ಡೇಸಾಬ ಆಗಲೇ ಎದ್ದು ನಿಂತಿದ್ದ. ಬಾನುಬಿ ಬಾಗಿಲಿಗೆ ಅಡ್ಡ ನಿಂತಳು.

"ಹೋದಾಕಿ ಹೋಗ್ಯಾಳ. ನೀವು ಇರೂದು ಬ್ಯಾಡೇನು?"

"ಆಕಿ ಇರ್ಲಿಕ್ಕಂದ್ರ ನಾ ಅವಾಗ ಉಳೀತಿರ್ಲಿಲ್ಲ, ಬಾನು. ಬಾಜೂಕ್ಕ ಸರಿ."

ಅವಳು ಸರಿದಳು. ಅವನ ತಲೆ ಮುಖಕ್ಕೆಲ್ಲ ಟಾವೆಲ್ಲು ಸುತ್ತಿ, ಕೈಗೆ ಗ್ಲೌಸು, ಕಾಲಿಗೆ ದಪ್ಪ ಕಾಲುಚೀಲ ತೊಡಿಸಿದಳು, ಮೇಲೆ ಕಂಬಳಿ ಹೊದಿಸಿದಳು. ಬಾಡಿಗೆಗೆ ತಂದ ಜೀಪಿನ ಗಾಜುಗಳಿಗೆಲ್ಲ ಚಾದರ ಕಟ್ಟಿದರು. ದಾರಿಯುದ್ದಕ್ಕೂ ಅವನು ಬೆವರಿನಲ್ಲಿ ನೆನೆಯುತ್ತ ಕುಳಿತಿದ್ದ.

ಕಬ್ರಸ್ತಾನದಲ್ಲಿ ನೆರಳಿರಲಿಲ್ಲ. ಆರಿಫ ಮಾವನ ಮೇಲೆ ಕೊಡೆ ಹಿಡಿದು ನಡೆದ. ಮಣ್ಣು ಕೊಡುವ ಸರದಿ ಬಂದಾಗ ಬುಡ್ಡೇಸಾಬ ಗ್ಲೌಸನ್ನು ನೋಡಿಕೊಂಡ. ಅಕ್ಕನಿಗೆ ಅದರಿಂದ ಮಣ್ಣು ಕೊಡಲು ಮನಸ್ಸು ಬರಲಿಲ್ಲ. ಬಲಗೈಯದನ್ನು ತೆಗೆದು ಮೂರು ಹಿಡಿ ಮಣ್ಣು ಹಾಕಿದ. ಅಷ್ಟಕ್ಕೇ ಏಳುತ್ತಾನೆಂದು ಆರಿಫ ಕಾದ. ಆದರೆ ಅವನು ಮಂಡಿಯೂರಿ, ಅಂಚಿನ ಮಣ್ಣನ್ನು ಅಂಗೈಯಿಂದ ಗೋರುತ್ತಲೇ ಇದ್ದ. ಆ ಕೈ ಕೊಡೆಯ ನೆರಳು ದಾಟಿ ಬಿಸಿಲಲ್ಲಿತ್ತು.

"ಮಾಮಾ, ಕೈ," ಎಂದು ಆರಿಫ ತೋಳು ಹಿಡಿದೆಳೆದ. ಅವನಿಗೆ ಕೇಳಿಸಲಿಲ್ಲ.

ವಾಪಸು ಹೊರಟ ಜೀಪು ಟಿಕೋಟಾ ದಾಟುವಷ್ಟರಲ್ಲಿ ಬುಡ್ಡೇಸಾಬ ನರಳತೊಡಗಿದ. ಮನೆ ಮುಟ್ಟಿದಾಗ ಕೈ ಉಬ್ಬಿ ಬೆರಳುಗಳ ನಡುವೆ ಸಂದಿ ಉಳಿದಿರಲಿಲ್ಲ. ಮುಂಗೈ ಮೇಲೆ ಬೊಬ್ಬೆಗಳು ಎದ್ದವು, ಆಮೇಲೆ ಒಡೆದು ಕರ್ರಗಾದವು. ಆಸ್ಪತ್ರೆಯಲ್ಲಿ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದ ಡಾಕ್ಟರ್ ಬೈಯಲಿಲ್ಲ. ಯಾರು ತೀರಿಕೊಂಡರು ಎಂದಷ್ಟೇ ಕೇಳಿದರು.

ಗಾಯ ಮಾಯುವುದರೊಳಗೆ ಮಳೆಗಾಲ ಬಂತು. ಎರಡು ಬೆರಳು ಮತ್ತೆ ಮಡಚಲಿಲ್ಲ. ಆದರೆ ಅವನು ಈಗ ಸಾರಿನಲ್ಲಿ ನೆನೆಸಿದ ರೊಟ್ಟಿ ನುಂಗುತ್ತಿದ್ದ. ಬಾನುಬಿ ಅದನ್ನು ನೋಡುತ್ತ ಕೂರುತ್ತಿದ್ದಳು.

ಮತ್ತೆ ನಳಿಗೆ ಇಳಿಸಿ ನೋಡಿದ ದಿನ ಡಾಕ್ಟರ್ ಮಾತಿಗೆ ತಡವರಿಸಿದರು. ಗಡ್ಡೆ ಬಹಳಷ್ಟು ಹೋಗಿದೆ, ಕೆಳಗಿನ ಅಂಚಿನಲ್ಲಿ ಒಂದಿಷ್ಟು ಉಳಿದಿದೆ, ಔಷಧ ಇನ್ನೊಮ್ಮೆ ಕೊಡಬೇಕು ಎಂದರು.

"ಚಳಿಗಾಲದಾಗ ಕೊಡಾಕ ಬರ್ತೈತೇನ್ರಿ?" ಎಂದು ಬುಡ್ಡೇಸಾಬ ಕೇಳಿದ.

"ಅದು ಅಲ್ಲೀತನ ಕಾಯೂದಿಲ್ಲ, ಕಾಕಾ."

ಅವನು ತಲೆಯಾಡಿಸಿದ. ಮುಂದಿನ ವಾರ ಬರಲು ಹೇಳಿದರು.

ಊರಿನ ಬಸ್ಸಿನಲ್ಲಿ ಬಾನುಬಿ ತಾನೇ ಕಿಟಕಿಯ ಕಡೆ ಕುಳಿತಳು. ಹಳೆಯ ಔಷಧ ಅವನ ಮೈಯಲ್ಲಿ ಉಳಿದಿಲ್ಲ, ಬಿಸಿಲಿಗೆ ಹೆದರಬೇಕಿಲ್ಲ ಎಂದು ಡಾಕ್ಟರ್ ಹೇಳಿ ಕಳಿಸಿದ್ದರು. ಬಸ್ಸು ತಿರುವಿನಲ್ಲಿ ಹೊರಳಿ ಸಂಜೆಯ ಬಿಸಿಲು ಅವಳ ಮಡಿಲು ದಾಟಿ ಬಂದಾಗ ಬುಡ್ಡೇಸಾಬ ಕಾಲು ಹಿಂದಕ್ಕೆಳೆದುಕೊಂಡ.