ಎರಡು ಬೆರಳಿನ ಜಾಗ

ಬೇಸಿಗೆ ಮುಗಿಯುತ್ತ ಬಂದಿತ್ತು. ಮಧ್ಯಾಹ್ನ ಮೂರರ ಹೊತ್ತು, ಇಸ್ತ್ರಿಪೆಟ್ಟಿಗೆ ಮುಟ್ಟಲೂ ಮನಸ್ಸು ಬಾರದ ಸೆಕೆ. ಹಳೆಯ ಬಿಸ್ಕತ್ತಿನ ಡಬ್ಬಿಗೆ ಒಳಗಡೆ ಬಟ್ಟೆ ಹಾಕಿ, ಅದಕ್ಕೆ ಸಣ್ಣ ಸಣ್ಣ ಜೇಬು ಹೊಲಿಯುತ್ತ ಕೂತಿದ್ದೆ. ನಮ್ಮ ನಾಯಿಗೆಂದು ಮದ್ದಿನ ಡಬ್ಬಿ.

ಮರಿಯಾಗಿದ್ದಾಗ ನನ್ನ ದರ್ಜಿ ಅಂಗಡಿಯಲ್ಲಿ ಕೋಟಿನ ಗುಂಡಿ ನುಂಗಿ, ಗುಂಡಿ ಅಂತಲೇ ಹೆಸರು ಸಂಪಾದಿಸಿಕೊಂಡ ನಾಯಿ ಅದು. ಹೆಂಡತಿಯ ಕಣ್ಣು ಮಂಜಾಗಿ ಆರು ವರ್ಷ. ನಲ್ಲಿಗೆ, ಕಿರಾಣಿ ಅಂಗಡಿಗೆ, ತಂಗಿಯ ಮನೆಗೆ ಅವಳನ್ನು ಕರೆದೊಯ್ಯುತ್ತಿದ್ದುದು ಗುಂಡಿಯೇ. ಅದಿಲ್ಲದೆ ಅವಳು ಹೊಸಿಲು ದಾಟಿದ್ದನ್ನು ನಾನು ಕಂಡಿಲ್ಲ.

ಡಬ್ಬಿಯಲ್ಲಿ ಏನೇನಿರಬೇಕೆಂದು ಪ್ರಾಣಿಗಳ ಆಸ್ಪತ್ರೆಯ ಕಾಂಪೌಂಡರ್ ಹೇಳಿದ್ದ. ಹತ್ತಿ, ಪಟ್ಟಿ ಬಟ್ಟೆ, ಗಾಯ ತೊಳೆಯುವ ಔಷಧಿ, ಮುಳ್ಳು ಕೀಳುವ ಚಿಮಟ, ಮೊಂಡು ತುದಿಯ ಕತ್ತರಿ, ನೋವಿನಲ್ಲಿ ಕಚ್ಚದಂತೆ ಮೂತಿಗೆ ಕಟ್ಟಲು ಒಂದು ಲಾಡಿ. ಬರೆದುಕೊಳ್ಳಿ ಅಂದ. ನನಗೆ ಅಕ್ಷರ ಅಷ್ಟಕ್ಕಷ್ಟೆ. ಇಡೀ ಬೀದಿಯವರ ಅಳತೆ ತಲೆಯಲ್ಲಿದೆ, ಇದೇನು ಮಹಾ ಅಂದೆ.

"ನನ್ನ ಮದುವೆ ರವಿಕೆಯ ಅಳತೆಯೊಂದು ಮಾತ್ರ ತಪ್ಪಿತ್ತು," ಅಂದಳು ಜೊತೆಗಿದ್ದ ಹೆಂಡತಿ.

ಕಾಂಪೌಂಡರ್ ಕೊನೆಗೆ ಇನ್ನೂ ಒಂದು ಮಾತು ಹೇಳಿದ. ಅದು ನನ್ನ ಕಸುಬಿನಲ್ಲಿ ದಿನಾ ಮಾಡುವುದೇ. ಹಾಗಾಗಿ ನೆನಪಿಗೆ ಹಾಕಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಡಬ್ಬಿ ಮುಗಿದ ಮೂರನೇ ದಿನ, ಮಂಗಳವಾರ, ಗುಂಡಿ ತಗಡಿನ ಅಂಚಿಗೆ ಮುಂಗಾಲು ಕೊಯ್ದುಕೊಂಡು ಬಂತು. ಡಾಕ್ಟರು, ಕಾಂಪೌಂಡರ್ ಇಬ್ಬರೂ ನಮ್ಮ ಕಡೆ ಬರುವುದು ಶುಕ್ರವಾರ ಮಾತ್ರ. ತೊಳೆದೆ, ಹತ್ತಿ ಇಟ್ಟೆ, ಪಟ್ಟಿ ಸುತ್ತಿದೆ. ಎಲ್ಲವೂ ಹೇಳಿದ ಹಾಗೇ. ಗುಂಡಿ ಎರಡು ಸಲ ಹಲ್ಲಿನಿಂದ ಕಿತ್ತುಹಾಕಿತು. ಮೂರನೇ ಸಲ ಬಿಗಿಯಾಗಿ ಸುತ್ತಿ, ತುದಿಗೆ ಎರಡೆಳೆ ದಾರದಲ್ಲಿ ಹನ್ನೊಂದು ಹೊಲಿಗೆ ಹಾಕಿದೆ. ಈಗ ಕೀಳು ನೋಡೋಣ ಅಂತ ಅದಕ್ಕೇ ಸವಾಲು ಹಾಕಿದೆ.

ಬುಧವಾರ ಅದು ಎದ್ದೇಳಲಿಲ್ಲ. ಗುರುವಾರ ಹೆಂಡತಿ ಪಕ್ಕದಲ್ಲಿ ಕೂತು ಕಾಲು ಸವರಿದಳು.

"ರೀ, ಬೆರಳೆಲ್ಲ ತಣ್ಣಗಿದೆ. ಊದಿದೆ. ಬಿಚ್ಚಿ."

ಬಿಚ್ಚಿದರೆ ಮತ್ತೆ ಕಿತ್ತುಕೊಳ್ಳುತ್ತದೆ, ನಾಳೆ ಡಾಕ್ಟರು ಬರುತ್ತಾರೆ ಅಂದೆ.

"ಕಣ್ಣಿರೋದು ನಿಮಗೆ. ನೋಡಿ ಅಂತ ನಾನು ಹೇಳಬೇಕಾ?"

ಕತ್ತರಿ ಕೈಗೆ ತೆಗೆದುಕೊಂಡೆ. ಸುಳ್ಳೇಕೆ, ಹೊಲಿಗೆಯ ಮೇಲೆ ಇಟ್ಟೂ ಇದ್ದೆ. ಅಷ್ಟು ನೀಟಾಗಿ ಬಂದಿದ್ದ ಹೊಲಿಗೆ, ಒಂದೇ ಒಂದು ರಾತ್ರಿ ಇರಲಿ ಅನ್ನಿಸಿತು. ಕತ್ತರಿಯನ್ನು ಅದರ ಜೇಬಿಗೇ ಹಾಕಿಟ್ಟೆ.

ಶುಕ್ರವಾರ ಹೆಗಲ ಮೇಲೆ ಹೊತ್ತುಕೊಂಡು ಹೋದೆ. ಡಾಕ್ಟರು ಪಟ್ಟಿ ಕತ್ತರಿಸಿದ ಕೂಡಲೇ ಕೋಣೆ ತುಂಬ ವಾಸನೆ. ಕಾಲು ಕಪ್ಪಗಾಗಿತ್ತು. ಕಾಂಪೌಂಡರ್ ನನ್ನ ಕಡೆ ತಿರುಗಿದ.

"ತಾತ, ಕಟ್ಟಿದ ಮೇಲೆ ಒಳಗೆ ಎರಡು ಬೆರಳು ಹೋಗಬೇಕು ಅಂದಿದ್ದೆನಲ್ಲ."

ಹೇಳಿದ್ದ. ಐವತ್ತು ವರ್ಷದಿಂದ ಅಂಗಿಯ ಕಾಲರ್ ಹಚ್ಚುವಾಗಲೆಲ್ಲ ಗಿರಾಕಿಯ ಕುತ್ತಿಗೆಗೆ ಎರಡು ಬೆರಳು ಇಟ್ಟೇ ಅಳತೆ ಹಿಡಿದವನು ನಾನು. ಕಂಡರಾಗದವರಿಗೂ ಉಸಿರಾಡಲು ಅಷ್ಟು ಜಾಗ ಬಿಟ್ಟಿದ್ದೇನೆ.

ನಂಜು ಮೈಗೆ ಏರಿದೆ, ಕಾಲು ತೆಗೆದರೂ ಉಳಿಯುವುದು ಕಷ್ಟ ಅಂದರು ಡಾಕ್ಟರು.

"ಮೂರು ಕಾಲಾದ್ರೂ ಸಾಕು ಸ್ವಾಮಿ. ನನ್ನ ಹೆಂಡತಿ ಏನೂ ಓಡಲ್ಲ, ನಿಧಾನಕ್ಕೇ ನಡೆಯೋದು," ಅಂದೆ.

ಕಾಲು ತೆಗೆದು ಕಳಿಸಿಕೊಟ್ಟರು. ಶನಿವಾರವಿಡೀ ಅದರ ಬಾಯಿಗೆ ಹನಿ ಹನಿಯಾಗಿ ನೀರು ಬಿಟ್ಟೆ; ಅರ್ಧ ಕಟವಾಯಿಯಿಂದ ಹೊರಗೇ ಹೋಗುತ್ತಿತ್ತು. ಮರುದಿನ ಬೆಳಗಿನ ಜಾವ ಹೆಂಡತಿ ಗುಂಡಿಯ ಕತ್ತಿನ ಪಟ್ಟಿ ತಡವಿದಳು. ಅದೂ ನಾನೇ ಹೊಲಿದದ್ದು. ಪಟ್ಟಿಯೊಳಗೆ ಎರಡು ಬೆರಳು ತೂರಿಸಿ, ಹಾಗೇ ಹಿಡಿದುಕೊಂಡು ಕೂತಳು.

"ಇಲ್ಲಿ ಸರಿಯಾಗಿ ಬಿಟ್ಟಿದ್ದೀರಿ," ಅಂದಳು.

ಗುಂಡಿ ಹೋದದ್ದು ಆವತ್ತೇ, ಭಾನುವಾರ, ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ.